19 ಪಾಚಿಗಳು ಕಾಣೆಯಾದ ಪಟ್ಟಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಧಾರವಾಡದ ಒಂದು ಪದವಿ ಕಾಲೇಜು. ಸಸ್ಯಶಾಸ್ತ್ರ ವಿಭಾಗದ ಕಬ್ಬಿಣದ ಕಪಾಟಿನಲ್ಲಿ 286 ಪಾಚಿ ಪೊಟ್ಟಣಗಳು. 1978ರಿಂದ 1991ರವರೆಗೆ ಮಳೆಗಾಲದ ಪ್ರವಾಸಗಳಲ್ಲಿ ಅಂದಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿಸಿದ್ದು. ಕಲಘಟಗಿಯ ಕಾಡಂಚು, ಹಾನಗಲ್ಲ ಸೀಮೆಯ ಮಾವಿನ ತೋಪುಗಳು, ಕಪ್ಪತಗುಡ್ಡದ ಹಳ್ಳದ ಬದಿ, ಗದಗ ಸುತ್ತಿನ ಹಳೇ ಬಾವಿಗಳ ಕಲ್ಲು, ಹುಬ್ಬಳ್ಳಿ-ಧಾರವಾಡದ ಕಾಂಪೌಂಡ್ ಗೋಡೆ ಮತ್ತು ಮಂಗಳೂರು ಹೆಂಚು: ಹೆಚ್ಚಿನವು ಇಲ್ಲಿಂದಲೇ ಬಂದವು. ಕೆರೆಯ ನೀರಿನ ಮೇಲಿನ ಹಸಿರು ಲೋಳೆಗೂ ನಮ್ಮ ಕಡೆ ಪಾಚಿ ಅಂತಲೇ ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಪುಟ್ಟ ಕಾಂಡ, ಎಲೆ, ಕಡ್ಡಿಯ ತುದಿಯಲ್ಲಿ ಬೀಜಕಗಳ ಸಂಪುಟಿ ಇರುವ ಮಾಸ್ ಗಿಡಗಳು.

ಈ ಪೊಟ್ಟಣಗಳ ಮೇಲಿನ ಹೆಸರುಗಳನ್ನು ಪಟ್ಟಿ ಮಾಡಿ, ಅದೇ ಜಾಗಗಳಲ್ಲಿ ಹೊಸದಾಗಿ ಸಮೀಕ್ಷೆ ನಡೆಸಿ, ಎರಡನ್ನೂ ಹೋಲಿಸಬೇಕೆಂಬುದು ಯೋಜನೆ. ಕೈಗೆತ್ತಿಕೊಂಡವರು ಒಬ್ಬ ಅಧ್ಯಾಪಕಿ ಮತ್ತು ಒಬ್ಬ ಅಂತಿಮ ವರ್ಷದ ವಿದ್ಯಾರ್ಥಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದೆ; ನಿರ್ಧಾರಗಳು, ತಪ್ಪುಗಳು ಇದ್ದಂತೆಯೇ ಇವೆ.

ಸಮಸ್ಯೆ

ಹಳೇ ಪಟ್ಟಿಯಲ್ಲಿ 41 ಹೆಸರು. ಹೊಸ ಸಮೀಕ್ಷೆಯಲ್ಲಿ 38. ಎರಡರಲ್ಲೂ ಇದ್ದದ್ದು 22. ಅಂದರೆ 19 ಪಾಚಿಗಳು ಕಾಣೆಯಾಗಿವೆ, 16 ಹೊಸದಾಗಿ ಬಂದಿವೆ ಎಂದಾಯಿತು. ಧೂಳು, ಕಾಂಕ್ರೀಟು, ರಸ್ತೆ ಅಗಲೀಕರಣ, ಕಡಿದ ಮರಗಳು ಎಂದು ಕಾರಣಗಳೂ ಕೈಗೆಟುಕುವಂತಿದ್ದವು. ವಿಚಾರ ಸಂಕಿರಣಕ್ಕೆ ಕಳಿಸುವ ಸಾರಾಂಶದ ಕರಡೂ ಸಿದ್ಧವಾಗಿತ್ತು.

ಆ ಕರಡನ್ನು ತಡೆದದ್ದು ಒಂದು ಸಣ್ಣ ಗಮನ. ‘ಕಾಣೆಯಾದ’ ಸಾಲಿನಲ್ಲಿ ಬ್ರ್ಯಾಕಿಮೀನಿಯಂ ಎಕ್ಸಿಲೆ ಇತ್ತು. ‘ಹೊಸದು’ ಸಾಲಿನಲ್ಲಿ ಜೆಮ್ಮಾಬ್ರಯಂ ಎಕ್ಸಿಲೆ ಇತ್ತು. ಎರಡೂ ಅದೇ ಕಾಲೇಜಿನ ಹಿಂಬದಿಯ ಗಟಾರದ ಇಟ್ಟಿಗೆ ಅಂಚಿನಿಂದಲೇ ತಂದದ್ದು. ಪಟ್ಟಿ ಓದುತ್ತಿದ್ದ ವಿದ್ಯಾರ್ಥಿ ಅಲ್ಲೇ ನಿಂತ: “ಮೇಡಂ, ಇದು ಎಲ್ಲೂ ಹೋಗಿಲ್ಲರಿ, ಇಲ್ಲೇ ಐತಿ. ಹೆಸರಷ್ಟ ಬ್ಯಾರೆ ಆಗೇತಿ.”

ಹೆಸರು ಬೇರೆಯಾದದ್ದು ಹೇಗೆ ಎಂಬುದು ತಿಳಿಯಲು ಎರಡು ಪಟ್ಟಿಗಳ ಮೂಲ ನೋಡಬೇಕು. ಹಳೇ ಲೇಬಲ್‌ಗಳನ್ನು ಬರೆದವರು ಅಂದು ಕೈಗೆ ಸಿಗುತ್ತಿದ್ದ ಭಾರತೀಯ ಗ್ರಂಥಗಳನ್ನು ನಂಬಿದವರು. ಹೊಸ ಪಟ್ಟಿಯ ಹೆಸರುಗಳು ಅಂತರ್ಜಾಲದ ಇಂದಿನ ನಾಮಕೋಶಗಳಿಂದ ಬಂದವು. ನಡುವಿನ ಮೂವತ್ತು ನಲವತ್ತು ವರ್ಷಗಳಲ್ಲಿ ಪಾಚಿಗಳ ಕುಲ (ಹತ್ತಿರದ ಪ್ರಭೇದಗಳ ಗುಂಪು; ಎರಡು ಪದಗಳ ಹೆಸರಿನಲ್ಲಿ ಮೊದಲನೆಯದು) ವಿಂಗಡಣೆಯೇ ಮಗ್ಗುಲು ಬದಲಿಸಿತ್ತು.

ಕುಲ ಒಡೆಯುವುದು ಯಾಕೆ

ಸ್ಫಾಗ್ನಮ್ ಎಂಬ ಜೌಗು ಪಾಚಿಯ ಕುಟುಂಬ ಬಿಟ್ಟರೆ ಉಳಿದ ಮಾಸ್‌ಗಳ ಹೆಸರುಗಳ ಲೆಕ್ಕ ಶುರುವಾಗುವುದು 1801ರಿಂದ, ಸಸ್ಯಶಾಸ್ತ್ರಜ್ಞ ಹೆಡ್ವಿಗ್‌ನ ಗ್ರಂಥದಿಂದ. ಸ್ಫಾಗ್ನಮ್‌ಗೆ ಮಾತ್ರ ಲಿನ್ನೇಯಸ್‌ನ 1753. ಅಲ್ಲಿಂದ ಮುಂದೆ ಸುಮಾರು ಎರಡು ಶತಮಾನ ಕುಲಗಳನ್ನು ಕಟ್ಟಿದ್ದು ಕಣ್ಣಿಗೆ ಕಾಣುವ ಗುಣಗಳ ಮೇಲೆ: ಸಂಪುಟಿ ನೆಟ್ಟಗಿದೆಯೋ ಜೋತುಬಿದ್ದಿದೆಯೋ, ಅದರ ಬಾಯಂಚಿನ ಹಲ್ಲುಗಳು ಒಂದು ಸಾಲೋ ಎರಡು ಸಾಲೋ, ಮುಚ್ಚಳ ಇದೆಯೋ ಇಲ್ಲವೋ. ತೊಂದರೆ ಏನೆಂದರೆ ಹಲ್ಲು ಸವೆಯುವುದು, ಮುಚ್ಚಳ ಇಲ್ಲವಾಗುವುದು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ, ಮತ್ತೆ ಮತ್ತೆ ಆಗಿದೆ. ಒಂದೇ ತರಹ ಕಂಡವು ಒಂದೇ ಮನೆಯವಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪ್ರಯೋಗಾಲಯಗಳ ಪಾಚಿ, ಫಿಸ್ಕೋಮಿಟ್ರೆಲ್ಲಾ ಪೇಟೆನ್ಸ್. 2008ರಲ್ಲಿ ಇದರ ಜೀನೋಮ್ ಪ್ರಕಟವಾದಾಗ ಇದ್ದ ಹೆಸರು ಇದೇ. ತಾನಾಗಿ ಮುಚ್ಚಳ ತೆರೆಯದ, ಕಡ್ಡಿಯೇ ಇಲ್ಲವೆನ್ನುವಷ್ಟು ಗಿಡ್ಡ ಸಂಪುಟಿಯಿಂದಾಗಿ ಅದನ್ನು ಪ್ರತ್ಯೇಕ ಕುಲದಲ್ಲಿ ಇಟ್ಟಿದ್ದರು. ಅಂಥ ಸಂಪುಟಿ ಫಿಸ್ಕೋಮಿಟ್ರಿಯಂ ಗುಂಪಿನೊಳಗೇ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ ಎಂದು ಡಿಎನ್‌ಎ ತೋರಿಸಿತು. 2020ರ ಹೊತ್ತಿಗೆ ಸಂಶೋಧಕರು ಫಿಸ್ಕೋಮಿಟ್ರಿಯಂ ಪೇಟೆನ್ಸ್ ಎಂದು ಬರೆಯತೊಡಗಿದರು. ಹೊಸದಾಗಿ ಹೆಸರು ಹುಟ್ಟಿಸುವ ಕೆಲಸವೇ ಬೀಳಲಿಲ್ಲ. ಇಂಗ್ಲೆಂಡಿನ ಪಾಚಿತಜ್ಞ ಮಿಟ್ಟನ್ 1851ರಲ್ಲೇ ಆ ಜೋಡಣೆ ಮಾಡಿಟ್ಟಿದ್ದ.

ನಮ್ಮ ಪ್ರಕರಣದಲ್ಲಿ ನಿಜವಾಗಿ ತಲೆನೋವಾದದ್ದು ಬ್ರಯಂ. ಮನೆಯ ಮೆಟ್ಟಿಲು, ಗೋಡೆ, ಹೂಕುಂಡ, ಎಲ್ಲಿ ನೋಡಿದರೂ ಸಿಗುವ ಕುಲ. ನೂರಾರು ಪ್ರಭೇದಗಳನ್ನು ಅದೊಂದೇ ಹೆಸರಿನಡಿ ತುಂಬಿದ್ದರು. 1996ರಲ್ಲಿ ರೋಸುಲಾಬ್ರಯಂ ಬಂತು. ಬ್ರಯಂ ಕ್ಯಾಪಿಲ್ಲೇರ್ ಅದರೊಳಗೆ ಹೋಯಿತು. 2005ರಲ್ಲಿ ಜೆಮ್ಮಾಬ್ರಯಂ ಬಂತು. ಬ್ರಯಂ ಕೊರೊನೇಟಂ ಅಲ್ಲಿಗೆ ಹೋಯಿತು. 2007ರಲ್ಲಿ 19ನೇ ಶತಮಾನದ ಟೈಕೋಸ್ಟೋಮಂ ಎಂಬ ಹಳೇ ಕುಲವನ್ನು ಹಿಗ್ಗಿಸಿದಾಗ ಕ್ಯಾಪಿಲ್ಲೇರ್ ಎರಡನೇ ಸಲ ಮನೆ ಬದಲಿಸಿತು. ಬ್ರಯಂ ಅರ್ಜೆಂಟಿಯಂ ಮಾತ್ರ ಕದಲಲಿಲ್ಲ, ಕದಲುವಂತೆಯೂ ಇಲ್ಲ. ಬ್ರಯಂ ಎಂಬ ಹೆಸರಿಗೆ ಅದೇ ಮಾದರಿ ಪ್ರಭೇದ. ಕುಲ ಎಷ್ಟು ಹೋಳಾದರೂ ಅರ್ಜೆಂಟಿಯಂ ಇರುವ ಹೋಳಿಗೇ ಬ್ರಯಂ ಎಂಬ ಹೆಸರು ಸಲ್ಲುತ್ತದೆ.

ಮೊದಲು ಮಾಡಿದ್ದು, ಕೆಟ್ಟದ್ದು

‘ಬ್ರಯಂ ಕ್ಯಾಪಿಲ್ಲೇರ್ ಈಗ ಟೈಕೋಸ್ಟೋಮಂ’ ಎಂದು ಓದಿದ ಮೇಲೆ ಎಕ್ಸೆಲ್ ಹಾಳೆಯಲ್ಲಿ ಬ್ರಯಂ ಹುಡುಕಿ ಟೈಕೋಸ್ಟೋಮಂ ತುಂಬುವ ಆಜ್ಞೆ ಕೊಟ್ಟರು. ಒಂದು ಕ್ಷಣದಲ್ಲಿ ಮೂರು ಬಗೆಯ ಹಾನಿ ಆಯಿತು.

ಎಕ್ಸೆಲ್ ಸಾಮಾನ್ಯವಾಗಿ ಪದದ ಒಂದು ತುಣುಕು ಸಿಕ್ಕರೂ ಬದಲಿಸುತ್ತದೆ, ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ. ರೋಡೋಬ್ರಯಂ ಹೋಗಿ ರೋಡೋಟೈಕೋಸ್ಟೋಮಂ ಆಯಿತು, ಅನೋಮೋಬ್ರಯಂ ಹೋಗಿ ಅನೋಮೋಟೈಕೋಸ್ಟೋಮಂ ಆಯಿತು. ಇಂಥ ಕುಲಗಳು ಲೋಕದಲ್ಲಿಲ್ಲ. ಇದು ಕಣ್ಣಿಗೆ ರಾಚುವ ತಪ್ಪು, ಬೇಗ ಸಿಕ್ಕಿತು. ಎರಡನೆಯದು ಟೈಕೋಸ್ಟೋಮಂ ಅರ್ಜೆಂಟಿಯಂ. ಓದಲು ಸರಿಯಾಗೇ ಇದೆ. ಆದರೆ ಮೇಲೆ ಹೇಳಿದ ಮಾದರಿ ನಿಯಮದಿಂದಾಗಿ ಅದು ಸರಿಯಾದ ಹೆಸರಾಗಲು ಸಾಧ್ಯವೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಲೇಬಲ್ ಮೇಲೆ ಇದ್ದ ಮೂಲ ಹೆಸರಿನ ಕಾಲಂ ಅದೊಂದೇ ಇತ್ತು. ಅದನ್ನೇ ತಿದ್ದಿದ್ದರಿಂದ 1980ರ ದಶಕದವರು ಏನು ಬರೆದಿದ್ದರೆಂಬುದೇ ಹಾಳೆಯಿಂದ ಅಳಿಸಿಹೋಯಿತು. 286 ಪೊಟ್ಟಣಗಳನ್ನೂ ಹೊರತೆಗೆದು ಲೇಬಲ್‌ಗಳನ್ನು ಮತ್ತೆ ಟೈಪು ಮಾಡಬೇಕಾಯಿತು.

ಎರಡನೇ ಪ್ರಯತ್ನ ಅಂತರ್ಜಾಲದ ಹೆಸರು ಹೊಂದಿಸುವ ಸಾಧನ. ಪಟ್ಟಿ ಅಂಟಿಸಿದರೆ ಪ್ರತಿ ಹೆಸರಿನ ಮುಂದೆ ಇಂದು ಒಪ್ಪಿತವಾದ ಹೆಸರು ಬರುತ್ತದೆ. ಇದು ನಿಜವಾಗಿ ಉಪಯೋಗಕ್ಕೆ ಬಂತು. ಬಾರ್ಬುಲಾ ಇಂಡಿಕಾ ಮತ್ತು ಸೆಮಿಬಾರ್ಬುಲಾ ಓರಿಯೆಂಟಾಲಿಸ್ ಎಂದು ಹಳೇ ಪಟ್ಟಿಯಲ್ಲಿ ಎರಡು ಪ್ರಭೇದಗಳಾಗಿ ಎಣಿಸಿದ್ದು ಒಂದೇ ಪಾಚಿಯ ಎರಡು ಹೆಸರೆಂದು ತಿಳಿಯಿತು. ಲ್ಯಾಟಿನ್ ವ್ಯಾಕರಣದ ಲಿಂಗ ಬದಲಾಗಿ ಕೊನೆಯಕ್ಷರ ಬದಲಾದ ಹೆಸರುಗಳೂ ಕೂಡಿಬಂದವು: ಜಿಮ್ನೋಸ್ಟೋಮಂ ಇನ್ವೊಲ್ಯೂಟಂ ಎಂದು ವರ್ಣಿಸಿದ್ದು ಹಯೋಫಿಲಾ ಕುಲಕ್ಕೆ ಬಂದಾಗ ಇನ್ವೊಲ್ಯೂಟಾ ಆಗುತ್ತದೆ. ಕೈಯಿಂದ ಹುಡುಕುವವರು ಎರಡನೇ ಪದದ ಬುಡ ಹಿಡಿದು ಹುಡುಕಬೇಕು, ಅಂ-ಆ-ಅಸ್, ಎ-ಇಸ್ ಕೊನೆಗಳನ್ನು ಬಿಟ್ಟು. ಲೇಖಕರ ಹೆಸರನ್ನೂ ಜೊತೆಗೆ ಕೊಡಬೇಕು. ಆವರಣದೊಳಗಿನ ಹೆಸರು ಮೊದಲು ವರ್ಣಿಸಿದವರದು, ಹೊರಗಿನದು ಈಗಿನ ಕುಲಕ್ಕೆ ತಂದವರದು. ಎರಡು ಹೆಸರುಗಳಿಗೆ ಒಂದೇ ಮೂಲವೋ ಅಲ್ಲವೋ ಎಂದು ತಿಳಿಯುವ ಮೊದಲ ಕುರುಹು ಅದೇ.

ಆದರೆ ಸಾಧನ ಹೆಸರನ್ನು ಬಲ್ಲದು, ಪೊಟ್ಟಣದಲ್ಲಿ ಏನಿದೆಯೆಂದು ಬಲ್ಲದು ಹೇಗೆ?

ಒಂದು ಪೊಟ್ಟಣ

ಪ್ರಕರಣ ತಿರುಗಿದ್ದು ಇಲ್ಲಿ. ಹಳೇ ದಿನಪತ್ರಿಕೆಯ ಹಾಳೆ ಮಡಿಚಿದ ಪೊಟ್ಟಣ; ಮೇಲೆ ಪೆನ್ಸಿಲಿನಲ್ಲಿ ‘ಬ್ರಯಂ ಕ್ಯಾಪಿಲ್ಲೇರ್, ಕಾಂಪೌಂಡ್ ಗೋಡೆ, ಧಾರವಾಡ ಜಿಲ್ಲೆ, ಆಗಸ್ಟ್ 1983’. ಸಾಧನ ಅದನ್ನು ಟೈಕೋಸ್ಟೋಮಂ ಕ್ಯಾಪಿಲ್ಲೇರ್ ಎಂದು ನೀಟಾಗಿ ಬದಲಿಸಿತ್ತು. ಒಂದು ಚಿಟಿಕೆ ಗಿಡ ತೆಗೆದು, ಮೊದಲು ಒಣಗಿದ ಸ್ಥಿತಿಯಲ್ಲೇ 10 ಪಟ್ಟಿನ ಕೈಮಸೂರದಲ್ಲಿ ನೋಡಿದರು. ಕ್ಯಾಪಿಲ್ಲೇರ್‌ನ ಎಲೆಗಳು ಒಣಗಿದಾಗ ಕಾಂಡದ ಸುತ್ತ ತಿರುಪಿನಂತೆ ಸುತ್ತಿಕೊಳ್ಳಬೇಕು. ಇಲ್ಲಿ ಸುತ್ತಿರಲಿಲ್ಲ. ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ಐದು ನಿಮಿಷ ನೆನೆಸಿದಾಗ ನಲವತ್ತು ವರ್ಷ ಒಣಗಿದ್ದ ಎಲೆ ಅರಳಿ ನಿಂತಿತು. ಕ್ಯಾಪಿಲ್ಲೇರ್‌ನಲ್ಲಿ ಎಲೆ ನಡುವಿಗಿಂತ ಮೇಲೆ ಅಗಲ, ಅಂಚಿಗೆ ಉದ್ದ ಸಪೂರ ಕೋಶಗಳ ಸ್ಪಷ್ಟ ಕಟ್ಟು. ಇಲ್ಲಿ ಎಲೆ ಬುಡದ ಕಡೆ ಅಗಲ, ಮೇಲಕ್ಕೆ ಚೂಪು, ಅಂಚಿನ ಕಟ್ಟು ಅಸ್ಪಷ್ಟ, ನಡುನರ ತುದಿ ದಾಟಿ ಮುಳ್ಳಿನಂತೆ ಚಾಚಿತ್ತು. ಪೊಟ್ಟಣದ ಮಡಿಕೆಯಲ್ಲಿ ಮುರಿದುಬಿದ್ದ ಎರಡು ಸಂಪುಟಿಗಳು ಸಿಕ್ಕವು: ಕಡುಗೆಂಪು, ಜೋತುಬಿದ್ದವು, ಕುತ್ತಿಗೆ ಭಾಗ ಉಬ್ಬಿ ಸಂಪುಟಿಗಿಂತಲೂ ದಪ್ಪ. ಇಷ್ಟು ಗುಣಗಳು ಕೂಡಿದರೆ ಅದು ಕೊರೊನೇಟಂ.

ಎಂದರೆ 1983ರಲ್ಲಿ ಆಗಿದ್ದು ಗುರುತಿನ ತಪ್ಪು. ಸಾಧನ ಆ ತಪ್ಪಿಗೆ 2007ರ ಹೊಸ ಅಂಗಿ ತೊಡಿಸಿತು, ಅಷ್ಟೆ. ಹಳೇ ಹೆಸರಿದ್ದಾಗ ಓದುವವರಿಗೆ ಸಣ್ಣ ಅನುಮಾನವಾದರೂ ಬರುತ್ತಿತ್ತು. ಹೊಸ ಹೆಸರಿನಲ್ಲಿ ಅದು ಇತ್ತೀಚೆಗೆ ಯಾರೋ ನೋಡಿ ಖಚಿತಪಡಿಸಿದಂತೆ ಕಾಣುತ್ತದೆ. ಹೆಸರು ಬದಲಾವಣೆಯಲ್ಲಿ ಇರುವ ದೊಡ್ಡ ಅಪಾಯ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪೊಟ್ಟಣದ ಮೇಲಿದ್ದ ‘ಧಾರವಾಡ ಜಿಲ್ಲೆ’ ಎಂಬ ಎರಡು ಪದಗಳು ಇನ್ನೊಂದು ಪಾಠ ಕೊಟ್ಟವು. 1997ರಲ್ಲಿ ಈ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದವು. ಹಾನಗಲ್ಲದ ಪೊಟ್ಟಣದ ಮೇಲೂ, ಕಪ್ಪತಗುಡ್ಡದ ಪೊಟ್ಟಣದ ಮೇಲೂ ‘ಧಾರವಾಡ ಜಿಲ್ಲೆ’ ಅಂತಲೇ ಇದೆ. ಅವನ್ನೆಲ್ಲ ಇಂದಿನ ಧಾರವಾಡಕ್ಕೆ ಹಾಕುವಂತಿಲ್ಲ, ಎಲ್ಲವನ್ನೂ ಹಾವೇರಿಗೆ ತಳ್ಳುವಂತೆಯೂ ಇಲ್ಲ. ತಾಲ್ಲೂಕು, ಊರು ನೋಡಿ ಒಂದೊಂದನ್ನೇ ಹಂಚಬೇಕು. ಹುಬ್ಳಿ ಎಂಬ ಇಂಗ್ಲಿಷ್ ಬರಹ 2014ರಲ್ಲಿ ಹುಬ್ಬಳ್ಳಿ ಆದದ್ದು ಬೇರೆ ತರಹ: ಊರು ಅದೇ, ಒಂದೇ ಏಟಿಗೆ ಬದಲಿಸಿದರೂ ತಪ್ಪಿಲ್ಲ. ಪಾಚಿಯ ಹೆಸರುಗಳಲ್ಲೂ ಈ ಎರಡು ಬಗೆ ಇವೆ. ಒಂದು ಪ್ರಭೇದ ಇಡಿಯಾಗಿ ಬೇರೆ ಕುಲಕ್ಕೆ ಹೋದರೆ ಹುಬ್ಬಳ್ಳಿಯ ಲೆಕ್ಕ. ಕುಲ ಒಡೆದಾಗ, ಅಥವಾ ಒಂದು ಪ್ರಭೇದವೇ ಹಲವು ಆದಾಗ, ಜಿಲ್ಲೆ ಒಡೆದ ಲೆಕ್ಕ. ಕುಲದ ಮಟ್ಟದಲ್ಲೇ ನಿಲ್ಲಿಸಿ ‘ಬ್ರಯಂ, ಪ್ರಭೇದ ತಿಳಿದಿಲ್ಲ’ ಎಂದು ಬರೆದ ಲೇಬಲ್‌ಗಳು ಈ ಎರಡನೇ ಬಗೆಯವು. ಅವಕ್ಕೆ ಯಾವ ಸಾಧನವೂ ಉತ್ತರ ಕೊಡದು.

ಮೂರನೇ ದಾರಿ

286 ಪೊಟ್ಟಣಗಳನ್ನೂ ಮತ್ತೆ ನೋಡುವಷ್ಟು ಸಮಯ ಇರಲಿಲ್ಲ. ಹೆಸರುಗಳು ಹೆಚ್ಚು ಅಲುಗಾಡಿದ ಎರಡು ಕುಟುಂಬಗಳನ್ನು, ಬ್ರಯೇಸಿ ಮತ್ತು ಪಾಟಿಯೇಸಿಗಳನ್ನು, ಆರಿಸಿದರು: 63 ಪೊಟ್ಟಣ. ಒಂದಕ್ಕೆ ಸುಮಾರು ಮುಕ್ಕಾಲು ತಾಸು. ಫ್ಯುನೇರಿಯಾ ಹೈಗ್ರೋಮೆಟ್ರಿಕಾ, ಮಾವಿನ ತೊಗಟೆಯ ಎರ್ಪೋಡಿಯಂ ಮ್ಯಾಂಜಿಫೆರೇ ತರಹದ ಹೆಸರು ಗಟ್ಟಿಯಾದ, ಗುರುತು ಸುಲಭವಾದವನ್ನು ಲೇಬಲ್ ಇದ್ದಂತೆ ಒಪ್ಪಿದರು. ಈ ಆಯ್ಕೆ ಸರಿಯಾಗಿತ್ತು. ಎಲ್ಲವನ್ನೂ ನೋಡುತ್ತೇವೆಂದು ಹೊರಟು ಅರ್ಧಕ್ಕೆ ಬಿಟ್ಟ ಹರ್ಬೇರಿಯಂ (ಒಣಗಿಸಿಟ್ಟ ಗಿಡಗಳ ಸಂಗ್ರಹ) ಕೆಲಸಗಳು ಬೇಕಾದಷ್ಟಿವೆ.

ಪಾಟಿಯೇಸಿಯಲ್ಲಿ ಬಾರ್ಬುಲಾ ಎಂಬ ಲೇಬಲ್ ಇದ್ದ ಪೊಟ್ಟಣಗಳಲ್ಲಿ ಕೆಲವು ಬೆರಕೆಯಾಗಿದ್ದವು. ಗೋಡೆಯ ಮೇಲೆ ಬಾರ್ಬುಲಾ ಇಂಡಿಕಾ, ಹಯೋಫಿಲಾ ಇನ್ವೊಲ್ಯೂಟಾ ಒತ್ತೊತ್ತಿಗೆ ಬೆಳೆಯುತ್ತವೆ. ಚಾಕುವಿನಿಂದ ಕೆರೆದರೆ ಎರಡೂ ಬರುತ್ತವೆ. ಒಣಗಿದಾಗ ಹಯೋಫಿಲಾದ ಎಲೆಯ ಎರಡೂ ಅಂಚು ಒಳಕ್ಕೆ ಸುರುಳಿಯಾಗುತ್ತವೆ, ಒದ್ದೆಯಾದಾಗ ನಾಲಗೆಯಂತೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ತುದಿಯ ಹತ್ತಿರ ಅಂಚಿಗೆ ಹಲ್ಲುಗಳಿರುತ್ತವೆ. ಎಲೆಯ ಕಂಕುಳಲ್ಲಿ ನಕ್ಷತ್ರದಾಕಾರದ ಜೆಮ್ಮಾ (ಕಳಚಿ ಬಿದ್ದು ಹೊಸ ಗಿಡವಾಗುವ ಕಣ) ಸಿಕ್ಕರೆ ಅನುಮಾನವೇ ಬೇಡ. ಸಂಪುಟಿಯ ಬಾಯಿಗೆ ಹಲ್ಲಿಲ್ಲ. ಬಾರ್ಬುಲಾದಲ್ಲಿ ಎಲೆಯ ಅಂಚು ಕೆಳಭಾಗದಲ್ಲಿ ಹೊರಕ್ಕೆ ಬಾಗಿರುತ್ತದೆ, ನಡುನರದ ಬೆನ್ನು ಒರಟು, ಜೆಮ್ಮಾ ಮೊಟ್ಟೆಯಾಕಾರ, ಬಾಯಂಚಿನ ಹಲ್ಲುಗಳು ದಾರದಂತೆ ಹೊಸೆದಿರುತ್ತವೆ. ಬೆರಕೆ ಪೊಟ್ಟಣಗಳನ್ನು ಎಸೆಯದೆ, ಒಳಗೆ ಎರಡು ಸಣ್ಣ ಮಡಿಕೆ ಮಾಡಿ ಅದೇ ಸಂಖ್ಯೆಗೆ ‘ಅ’, ‘ಆ’ ಸೇರಿಸಿದರು.

ಈ ಹಂತದಲ್ಲಿ ತಂಡ ತೆಗೆದುಕೊಂಡ ಒಂದು ನಿರ್ಧಾರ ಬೇರೆಯವರೂ ಅನುಸರಿಸಬೇಕಾದದ್ದು. ಹಳೇ ಲೇಬಲ್ ಮುಟ್ಟಲಿಲ್ಲ, ಹೊಡೆದುಹಾಕಲಿಲ್ಲ, ಮೇಲೆ ಏನೂ ಅಂಟಿಸಲಿಲ್ಲ. ಪಕ್ಕಕ್ಕೆ ಬೇರೆ ಚೀಟಿ ಇಟ್ಟರು, ಮತ್ತು ಚೀಟಿಗೆ ಮೂರು ಬಣ್ಣ ಮಾಡಿದರು. ಬಿಳಿ ಚೀಟಿ: ಹೆಸರು ಮಾತ್ರ ಪರಿಷ್ಕರಿಸಿದೆ, ಮಾದರಿ (ಪೊಟ್ಟಣದೊಳಗಿನ ಗಿಡ) ನೋಡಿಲ್ಲ. ಹಸಿರು: ಮಾದರಿ ನೋಡಿದೆ, ಹಳೇ ಗುರುತು ಸರಿ. ಹಳದಿ: ಮಾದರಿ ನೋಡಿದೆ, ಗುರುತು ಬದಲಾಗಿದೆ. ಪ್ರತಿಯೊಂದರಲ್ಲೂ ಲೇಖಕರ ಸಹಿತ ಪೂರ್ಣ ಹೆಸರು, ನೋಡಿದವರ ಹೆಸರು, ತಾರೀಖು, ಯಾವ ಗುಣದ ಮೇಲೆ ನಿರ್ಧರಿಸಿದ್ದು ಎಂಬ ಒಂದು ಸಾಲು. ಹಾಳೆಯಲ್ಲೂ ಲೇಬಲ್ ಹೆಸರಿಗೆ ಒಂದು ಕಾಲಂ ಬೀಗ ಹಾಕಿಟ್ಟು, ಒಪ್ಪಿತ ಹೆಸರಿಗೆ ಇನ್ನೊಂದು, ಚೀಟಿಯ ಬಗೆಗೆ ಮತ್ತೊಂದು ಮಾಡಿದರು.

ಯಾವ ನಾಮಕೋಶ ಅನುಸರಿಸುವುದು ಎಂಬ ಚರ್ಚೆಗೆ ಎರಡು ವಾರ ಹೋಯಿತು. ಪಂಡಿತರಲ್ಲೇ ಒಮ್ಮತವಿಲ್ಲ: ಜೆಮ್ಮಾಬ್ರಯಂ ಒಪ್ಪುವವರಿದ್ದಾರೆ, ಅದರ ಹಲವು ಪ್ರಭೇದಗಳು ಅರ್ಜೆಂಟಿಯಂಗೆ ಹತ್ತಿರವಾದ್ದರಿಂದ ಬ್ರಯಂನಲ್ಲೇ ಉಳಿಸುವವರೂ ಇದ್ದಾರೆ. ಕೊರೊನೇಟಂ ಯಾವ ಕುಲದಲ್ಲಿದ್ದರೂ ಗೋಡೆಯ ಮೇಲಿನ ಗಿಡ ಅದೇ. ಒಂದೇ ನಾಮಕೋಶವನ್ನು, ಒಂದು ದಿನದ ಸ್ಥಿತಿಯಲ್ಲಿ, ಎರಡೂ ಪಟ್ಟಿಗಳಿಗೆ ಬಳಸುವುದು, ಆ ತಾರೀಖನ್ನು ಹಾಳೆಯ ತಲೆಯಲ್ಲೇ ಬರೆಯುವುದು ಎಂದು ಮುಗಿಸಿದರು. ಅಷ್ಟು ಸಾಕು. ಎರಡು ಪಟ್ಟಿಗಳಿಗೆ ಎರಡು ಆಧಾರ ಇಟ್ಟುಕೊಂಡದ್ದೇ ಮೂಲ ತಪ್ಪಾಗಿತ್ತು.

ಏನಾಯಿತು

ಹಳೇ ಪಟ್ಟಿಯ 41 ಹೆಸರುಗಳು 33 ಪ್ರಭೇದಗಳಾಗಿ ಉಳಿದವು. ಹೊಸ ಪಟ್ಟಿಯ 38 ಹೆಸರುಗಳು 35 ಆದವು. ಎರಡರಲ್ಲೂ ಇರುವವು 22ರಿಂದ 27ಕ್ಕೆ ಏರಿದವು. ಕಾಣೆಯಾದವೆಂದಿದ್ದ 19ರಲ್ಲಿ 5 ಹೆಸರು ಬದಲಿಸಿಕೊಂಡು ಹೊಸ ಪಟ್ಟಿಯಲ್ಲೇ ಇದ್ದವು. 8 ಅದೇ ಪಟ್ಟಿಯ ಬೇರೆ ಪ್ರಭೇದಗಳ ಎರಡನೇ ಹೆಸರುಗಳು, ಇಲ್ಲವೇ ಸೂಕ್ಷ್ಮದರ್ಶಕದಡಿ ನಿಲ್ಲದ ಗುರುತುಗಳು. ಉಳಿದದ್ದು 6. ಹೊಸದೆಂದ 16ರಲ್ಲಿ ನಿಜವಾಗಿ ಹೊಸವು 8.

ಸಂಪುಟಿ ಇಲ್ಲದ, ಎಲೆಯಷ್ಟೇ ಇರುವ 7 ಬ್ರಯಂ ಪೊಟ್ಟಣಗಳಿಗೆ ಯಾವ ಹೊಸ ಕುಲವನ್ನೂ ಕೊಡಲಿಲ್ಲ. ‘ವಿಶಾಲಾರ್ಥದ ಬ್ರಯಂ’ ಎಂದು ಹಸಿರು ಚೀಟಿ ಇಟ್ಟರು. ಇದು ಸೋಲಲ್ಲ. ಹಳೇ ವಿಶಾಲ ಅರ್ಥದಲ್ಲಿ ಅದು ಇಂದಿಗೂ ಸತ್ಯ; ಸಣ್ಣ ಕುಲದ ಹೆಸರು ಕೊಟ್ಟರೆ ಇಲ್ಲದ ಮಾಹಿತಿ ಇದ್ದಂತಾಗುತ್ತದೆ.

ಆ 6ನ್ನೂ ‘ನಾಶವಾದವು’ ಎಂದು ಬರೆಯಲು ತಂಡ ಒಪ್ಪಲಿಲ್ಲ. ಸಂಗ್ರಹದ ತಾರೀಖು ನೋಡಿದಾಗ ಕಾರಣ ಎದುರಿಗಿತ್ತು. ಹಳೆಯವರು ಹೋಗಿದ್ದು ಜುಲೈಯಿಂದ ಅಕ್ಟೋಬರಿನೊಳಗೆ, ಜಿಟಿಜಿಟಿ ಮಳೆಯಲ್ಲಿ. ಹೊಸ ಸಮೀಕ್ಷೆಯಲ್ಲಿ ಹಾನಗಲ್ಲ, ಕಲಘಟಗಿ ಕಡೆ ಹೋದದ್ದು ಜನವರಿಯಲ್ಲಿ, ಪರೀಕ್ಷೆ ಮುಗಿದ ಮೇಲೆ. ಫಿಸ್ಕೋಮಿಟ್ರಿಯಂ ತರಹದ ಅಲ್ಪಾಯು ಪಾಚಿಗಳು ಅಷ್ಟೊತ್ತಿಗೆ ಬೀಜಕ ಚೆಲ್ಲಿ ಮಣ್ಣಾಗಿರುತ್ತವೆ. ತೊಗಟೆಯ ಮೇಲಿನವು ಒಣಗಿ ತೊಗಟೆಯ ಬಣ್ಣಕ್ಕೇ ತಿರುಗಿರುತ್ತವೆ. ಕೈಯಲ್ಲಿ ನೀರಿನ ಸ್ಪ್ರೇ ಬಾಟಲಿ ಇಲ್ಲದಿದ್ದರೆ ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ.

ಸಾರಾಂಶದ ಕರಡಿನಿಂದ ‘ಕಾಣೆ’ ಎಂಬ ಪದ ತೆಗೆದು ‘ಮರುಶೋಧನೆಯಲ್ಲಿ ಸಿಕ್ಕಿಲ್ಲ’ ಎಂದು ತಿದ್ದಿದರು. 6 ಹೆಸರುಗಳು, ಪ್ರತಿಯೊಂದರ ಹಳೇ ಹೆಸರು, ಪೊಟ್ಟಣದ ಸಂಖ್ಯೆ, ಊರು, ಸಂಗ್ರಹದ ತಿಂಗಳು: ಒಂದೇ ಪುಟದಲ್ಲಿ ಬರೆದು ಕ್ಷೇತ್ರದ ನೋಟುಬುಕ್ಕಿನ ಮೊದಲ ಹಾಳೆಗೆ ಅಂಟಿಸಿದ್ದಾರೆ. ಅದರಲ್ಲಿ ನಾಲ್ಕರ ಮುಂದೆ ‘ಹಾನಗಲ್ಲ, ಆಗಸ್ಟ್ ಕೊನೆಯ ವಾರ’ ಎಂದಿದೆ.